ಓದುಗರ ಪ್ರಶ್ನೆಗೆ ನಮ್ಮ ಉತ್ತರ: ಗೋಮಾಳ ಉಳಿಸೋ ಗುಂಪು ಒಬ್ಬರ ಹೆಗಲ ಮ್ಯಾಲ ನಿಂದ್ರೋದಿಲ್ಲ

ಪ್ರಶ್ನೆ: ನಮ್ಮೂರ ಗುಡ್ಡದ ಬುಡಕ ಗೋಮಾಳ ಐತ್ರಿ. ಹತ್ತು ಹನ್ನೆರಡು ಮಂದಿ ಸೇರಿ ಒಂದು ಗುಂಪು ಕಟ್ಟಿ ಟ್ರೆಂಚ್ ಹೊಡದ್ವಿ, ಬೇವು ಹೊಂಗೆ ಹಚ್ಚಿದ್ವಿ. ಮೊದಲು ಎಲ್ಲರೂ ಬರತಿದ್ರು, ಈಗ ಮೀಟಿಂಗ್ ಅಂದ್ರ ನಾನು ಮತ್ತ ಇನ್ನೊಬ್ರು, ಹುಡುಗ್ರಂತೂ ಬರಂಗಿಲ್ಲ. ಪಂಚಾಯ್ತಿಗೆ ಓಡಾಡೋದು ನಾನ, ಬೆಂಕಿ ಬಿದ್ರ ಆರಸಾಕ ಓಡೋದೂ ನಾನ. ಬಿಟ್ಟುಬಿಡ್ಲಾ ಅನಸಾಕತ್ತೈತಿ.
– ಒಬ್ಬ ಓದುಗರು, ಕುಷ್ಟಗಿ ತಾಲೂಕು

ಉತ್ತರ: ಬಿಡಬ್ಯಾಡ್ರಿ. ಆದ್ರ ಈಗ ಹೆಂಗ ನಡಸಾಕತ್ತೀರೋ ಹಂಗ ಮುಂದುವರಸಲೂ ಬ್ಯಾಡ್ರಿ, ಯಾಕಂದ್ರ ಇನ್ನೊಂದೆರಡು ವರ್ಷಕ್ಕ ನಿಮ್ಮ ಆರೋಗ್ಯನೂ ಹೋಗ್ತೈತಿ, ಗುಂಪೂ ಹೋಗ್ತೈತಿ. ನಿಮ್ಮ ಪತ್ರ ಪೂರ್ತಿ ಓದಿದೆ, ಅದರಾಗ ಕುರಿ ಮೇಸೋರ ಸುದ್ದಿನ ಇಲ್ಲ. ಆ ಗುಡ್ಡಕ್ಕ ದಿನಾ ಹೋಗೋರು ಯಾರು? ಕುರಿಗಾಹಿಗಳು, ಕಟಗಿ ತರೋ ಹೆಣ್ಮಕ್ಳು, ದನ ಬಿಡೋ ಹುಡುಗ್ರು. ಅವರು ನಿಮ್ಮ ಮೀಟಿಂಗಿಗೆ ಬರ್ತಾರಾ? ಬರಂಗಿಲ್ಲ ಅಂದ್ರ ಅವರ ಕಣ್ಣಿಗೆ ನೀವು ಬೇಲಿ ಹಾಕಾಕ ಬಂದೋರು ಅಷ್ಟ. ಹಂಗಾದ ಮ್ಯಾಲ ಹಚ್ಚಿದ ಸಸಿ ಉಳಿಯೋದು ಹೆಂಗ್ರಿ?

ಮೊದಲು ಅವರ ಕೂಡ ಕುಂತು ಮಾತಾಡ್ರಿ, ಸಮುದಾಯ ಭವನದಾಗ ಅಲ್ಲ, ಸಂಜಿಮುಂದ ಕುರಿ ಹಟ್ಟಿಗೆ ಬಂದ ಮ್ಯಾಲ ಅಲ್ಲೇ ಹೋಗಿ. ಗೋಮಾಳನ ಮೂರು ಪಾಲು ಮಾಡಿ ಒಂದು ಪಾಲು ಮಾತ್ರ ಈ ಮಳೆಗಾಲ ಮುಚ್ಚೋಣು, ಕರಡ ಬೆಳದು ಬೀಜ ಉದುರೋ ತನಕ ಯಾರೂ ಬಿಡೋದು ಬ್ಯಾಡ, ಆಮ್ಯಾಲ ಕುಡುಗೋಲಿಂದ ಕೊಯ್ಕೊಂಡು ಹೋಗ್ರಿ, ಮುಂದಿನ ವರ್ಷ ಇನ್ನೊಂದು ಪಾಲು ಅಂತ ಹೇಳಿ ನೋಡ್ರಿ. ಯಾವ ಪಾಲು ಮೊದಲು ಮುಚ್ಚಬೇಕು ಅನ್ನೋದನ್ನ ಅವರ ಹೇಳ್ಲಿ, ನೀರು ಎಲ್ಲಿ ನಿಂದರ್ತೈತಿ, ಹುಲ್ಲು ಎಲ್ಲಿ ಮೊದಲು ಚಿಗಿತೈತಿ ಅನ್ನೋದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ವರ್ಷಕ್ಕ 600 ಮಿಲಿಮೀಟರ್ ಆಸುಪಾಸು ಮಳಿ ಬೀಳೋ ನಮ್ಮ ಸೀಮ್ಯಾಗ ಒಂದು ಹಂಗಾಮು ಕುರಿ ಬಾಯಿ ತಪ್ಪಿಸಿದ್ರ ಹುಲ್ಲು ಹೆಂಗ ಏಳತೈತಿ ಅನ್ನೋದು ಕಣ್ಣಿಗೆ ಕಾಣತೈತಿ. ಆ ಹುಲ್ಲು ತಮ್ಮದು ಅಂತ ಆದಾಗ ಬೆಂಕಿ ಆರಸಾಕ ಓಡೋರೂ ಅವರ ಆಗ್ತಾರ.

ಎರಡನೇದು, ನಿಮ್ಮ ಕೈಯಾಗಿನ ಕೆಲಸ ಹಂಚ್ರಿ. ಕಾಗದಪತ್ರ ಒಬ್ರ ಹತ್ರ, ರೊಕ್ಕದ ಲೆಕ್ಕ ಇನ್ನೊಬ್ರ ಹತ್ರ, ಪಿಡಿಓ ಮತ್ತ ಫಾರೆಸ್ಟ್ ಗಾರ್ಡ್ ಕೂಡ ಮಾತಾಡೋದು ಮತ್ತೊಬ್ರ ಹತ್ರ ಇರ್ಲಿ. ಅವರು ನಿಮ್ಮಷ್ಟು ಚಂದ ಮಾಡಂಗಿಲ್ಲ, ಗೊತ್ತೈತಿ, ತಡಾನೂ ಆಗತೈತಿ, ಆಗ್ಲಿ ಬಿಡ್ರಿ. ಹುಡುಗ್ರು ಬರಂಗಿಲ್ಲ ಅಂತ ಬ್ಯಾಸರ ಮಾಡ್ಕೊಂಡೀರಿ, ಅವರು ಬೆಂಗಳೂರಿಗೆ ಗುಳೆ ಹೋಗ್ಯಾರ, ಬರೋದಾದ್ರೂ ಹೆಂಗ? ಅವರು ಊರಾಗ ಇರೋದು ಯುಗಾದಿಗೆ, ಜಾತ್ರಿಗೆ. ನಿಮ್ಮ ವರ್ಷದ ದೊಡ್ಡ ಮೀಟಿಂಗ್ ಆವಾಗ ಇಟ್ಕೋರಿ.

ನಮ್ಮ ಕೊಪ್ಪಳದಾಗ 2019ರಾಗ ಗವಿಮಠದ ಸ್ವಾಮಿಗಳು ಮುಂದ ನಿಂತು ಹಿರೇಹಳ್ಳ ಹೂಳು ತಗಸಿದ್ದು ನಿಮಗೂ ಗೊತ್ತಿರತೈತಿ, ಊರೂರು ಮಂದಿ ಬಂದ್ರು. ದೊಡ್ಡೋರು ಕರದ್ರ ಜನ ಬರ್ತಾರ, ಅದು ದೊಡ್ಡ ಶಕ್ತಿ. ಆದ್ರ ನಿಮ್ಮ ಗೋಮಾಳಕ್ಕ ಬೇಕಾಗಿರೋದು ಪ್ರತಿ ಮಳಿ ಆದ ಮ್ಯಾಲ ಟ್ರೆಂಚಿನ ಒಡ್ಡು ಎಲ್ಲಿ ಒಡದೈತಿ ಅಂತ ಸಲಿಕಿ ತಗೊಂಡು ಹೋಗಿ ನೋಡೋ ನಾಕು ಮಂದಿ. ಅದಕ್ಕ ಊರೋರ ಆಗ್ಬೇಕು.

ಪ್ರಶ್ನೆ: ಗೋಮಾಳದ ಒಂದು ಮೂಲಿ ಊರಾಗಿನ ದೊಡ್ಡ ಮನಿಯೋರು ಒತ್ತಿ ತೊಗರಿ ಬಿತ್ಯಾರ. ಕೇಳಾಕ ಹೋದ್ರ ಜಗಳಕ್ಕ ಬರ್ತಾರ. ನಮ್ಮ ಗುಂಪು ಏನ್ ಮಾಡ್ಬೇಕು?
– ಓದುಗರೊಬ್ಬರು, ಲಿಂಗಸುಗೂರು ತಾಲೂಕು

ಉತ್ತರ: ಹೊಲದಾಗ ಹೋಗಿ ಜಗಳ ಮಾಡಬ್ಯಾಡ್ರಿ, ಅಲ್ಲಿ ಅವರದ ಮಾತು ನಡೀತೈತಿ. ಕಾಗದದಾಗ ಹಿಡೀರಿ. ಭೂಮಿ ವೆಬ್‌ಸೈಟಿನಿಂದ ಪಹಣಿ ತಗೋರಿ, ಸರ್ವೆ ನಂಬರ್ ಎದುರು ಗೋಮಾಳ ಅಂತ ಐತಾ ನೋಡ್ರಿ, ಗ್ರಾಮ ನಕಾಶೆ ತಗೋರಿ. ಮೊಬೈಲಿನಾಗ ದಿಶಾಂಕ್ ಆಪ್ ಹಾಕ್ಕೊಂಡು ಆ ಜಾಗದಾಗ ನಿಂತ್ರ ನೀವು ಯಾವ ಸರ್ವೆ ನಂಬರಿನಾಗ ಅದೀರಿ ಅಂತ ತೋರಸತೈತಿ. ಅದು ನಾಕು ಹೆಜ್ಜಿ ಹಿಂದಮುಂದ ಆಗಬಹುದು, ಸಾಕ್ಷಿ ಅಂತ ಹಿಡಿಬ್ಯಾಡ್ರಿ, ನಿಮ್ಮ ಅಂದಾಜಿಗೆ ಅಷ್ಟ. ಆಮ್ಯಾಲ ಅಳತಿ ಮಾಡಿ ಹದ್ದುಬಸ್ತು (ಗಡಿ ಗುರುತು) ಮಾಡ್ರಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡ್ರಿ, ಗುಂಪಿನ ಎಲ್ಲರ ಸಹಿ ಇರ್ಲಿ, ಸ್ವೀಕೃತಿ ಇಲ್ದ ಹೊರಗ ಬರಬ್ಯಾಡ್ರಿ. ಗ್ರಾಮಸಭೆಯಾಗ ಠರಾವು ಮಾಡಿಸಿ ಅದನ್ನೂ ಜೋಡಸ್ರಿ.

ಭೂ ಕಂದಾಯ ಕಾಯ್ದೆ 1964ರ 192ಎ ಕಲಂ ಪ್ರಕಾರ ಸರ್ಕಾರಿ ಜಮೀನು ಒತ್ತುವರಿ ಅಪರಾಧ. 2011ರ ಜನವರಿಯಾಗ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಕೇಸಿನಾಗ ಊರ ಸಾರ್ವಜನಿಕ ಜಮೀನಿನ ಒತ್ತುವರಿ ತೆರವು ಮಾಡಾಕ ಎಲ್ಲ ರಾಜ್ಯಗಳೂ ಯೋಜನೆ ಮಾಡ್ಬೇಕು ಅಂತ ಹೇಳೈತಿ, ಅರ್ಜಿಯಾಗ ಬರೀರಿ. ಇನ್ನೊಂದು ಬಾಳ ಮುಖ್ಯದ್ದು: ಕಂದಾಯ ನಿಯಮ 97ರ ಪ್ರಕಾರ 100 ದನಕ್ಕ 12 ಹೆಕ್ಟೇರ್ ಲೆಕ್ಕದಾಗ ಗೋಮಾಳ ಬಿಡ್ಬೇಕು. ದನಗಳ ಲೆಕ್ಕ ಕಮ್ಮಿ ತೋರಿಸಿದ್ರ ಗೋಮಾಳ ಹೆಚ್ಚಿಗಿ ಐತಿ ಅಂತ ಹೇಳಿ ಬ್ಯಾರೆ ಯಾವುದಕ್ಕೋ ಕೊಟ್ಟುಬಿಡಾಕ ದಾರಿ ಆಗತೈತಿ. ಹಂಗಾಗಿ ಊರಾಗಿನ ದನ ಎಷ್ಟು ಅನ್ನೋದನ್ನ ಗುಂಪಿನೋರ ಮನಿಮನಿಗೆ ಹೋಗಿ ಬರ್ಕೋರಿ, ಪಶು ಆಸ್ಪತ್ರಿ ಲೆಕ್ಕದ ಕೂಡ ತಾಳೆ ನೋಡ್ರಿ.

ಒಂದು ಮಾತು ಕೇಳ್ಕೋರಿ. ಒತ್ತಿದೋರು ಎಲ್ಲರೂ ಒಂದ ತರ ಅಲ್ಲ. ಎಕರೆ ಭೂಮಿನೂ ಇಲ್ಲದೋರು ಬಗರ್ ಹುಕುಂನಾಗ ಫಾರಂ 57, ಅಂದ್ರ ಉಳುಮಿ ಮಾಡಾಕತ್ತಿರೋ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡ್ರಿ ಅನ್ನೋ ಅರ್ಜಿ, ಹಾಕಿ ಕಾಯಾಕತ್ತಿರ್ತಾರ, ಅವರ ಮ್ಯಾಲ ಮೊದಲು ಹೋಗಬ್ಯಾಡ್ರಿ. ದೊಡ್ಡೋರನ್ನ ಬಿಟ್ಟು ಬಡವ್ರನ್ನ ಎಬ್ಬಿಸಿದ ಗುಂಪಿನ ಮಾತು ಊರಾಗ ಯಾರೂ ಕೇಳಂಗಿಲ್ಲ, ಅದು ನ್ಯಾಯನೂ ಅಲ್ಲ.

ಪ್ರಶ್ನೆ: ಸಂಘ ರಿಜಿಸ್ಟರ್ ಮಾಡಿಸ್ಬೇಕಾ?
– ಓದುಗರೊಬ್ಬರು, ಸಂಡೂರು

ಉತ್ತರ: ಅನುದಾನ ಪಡಿಯೋದಿದ್ರ ಮಾಡಿಸ್ರಿ. 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಮಂದಿ ಸಾಕು. ಆದ್ರ ವರ್ಷಾ ವರ್ಷಾ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಸಲ್ಲಿಸೋದು ತಪ್ಪಂಗಿಲ್ಲ, ಅದಕ್ಕ ಒಬ್ರು ಗಟ್ಟಿ ಇರ್ಬೇಕು. ಇಲ್ಲಂದ್ರ ನಿಮ್ಮ ಪಂಚಾಯ್ತಿಯಾಗ ಜೀವವೈವಿಧ್ಯ ನಿರ್ವಹಣಾ ಸಮಿತಿ (ಊರಿನ ಗಿಡಮರ, ಜೀವಜಂತು ಕಾಯೋ ಸಮಿತಿ) ಐತಾ ಕೇಳ್ರಿ, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಇರಾಕಬೇಕು. ಎಷ್ಟೋ ಕಡೆ ಅದು ಕಾಗದದಾಗ ಮಲಗೈತಿ. ನಿಮ್ಮ ಗುಂಪಿನೋರು ಅದರಾಗ ಸದಸ್ಯರಾದ್ರ ಪಂಚಾಯ್ತಿಯೋರು ಕುರ್ಚಿ ಹಾಕಿ ಕೂಡಸ್ತಾರ.

ಪ್ರಶ್ನೆ: ಕೆರಿ ಅಂಗಳದ ತುಂಬ ಬಳ್ಳಾರಿ ಜಾಲಿ. ಕಡದಷ್ಟೂ ಚಿಗಿತೈತಿ. ನಮ್ಮ ಹೆಣ್ಮಕ್ಳ ಸಂಘದೋರು ತಗಿಯೋಣು ಅಂದ್ರ ಕೆಲವರು ಕಟಗಿಗೆ ಬೇಕು, ತಗಿಯೋದು ಬ್ಯಾಡ ಅಂತಾರ.
– ಒಬ್ಬ ಓದುಗರು, ಸಿರುಗುಪ್ಪ

ಉತ್ತರ: ಬ್ಯಾಡ ಅನ್ನೋರ ಮಾತಿನಾಗೂ ಸತ್ಯ ಐತ್ರೀ ಅಕ್ಕಾರ. ಒಲಿಗೆ ಅದ ಆಧಾರ ಆದ ಮನಿ ಬಾಳ ಅದಾವು. ಒಮ್ಮೆಲೇ ಜೆಸಿಬಿ ತರಿಸಿ ಬಳಿಯಾಕ ಹೋಗಬ್ಯಾಡ್ರಿ, ನೀರು ಬರೋ ಕಾಲುವಿ ಕಡಿಂದ ಒಂದೊಂದು ಪಟ್ಟಿ ತಗೀತಾ ಬರ್ರಿ, ಕಡದ ಕಟಗಿ ಆ ಮನಿಗಳಿಗೇ ಮೊದಲು ಹೋಗ್ಲಿ. ಕೊಡಲಿಯಿಂದ ನೆಲದ ಮಟ್ಟಕ್ಕ ಕಡದ್ರ ಒಂದು ಬಡ್ಡಿಗೆ ನಾಕು ಟೊಂಗಿ ಒಡಿತಾವು. ಬಡ್ಡಿ ಸುತ್ತ ಮಣ್ಣು ಬಿಡಿಸಿ ಒಂದು ಗೇಣಿಗಿಂತ ಕೆಳಗ ಹೋಗಿ ಬೇರಿನ ಗಂಟು ಪೂರ್ತಿ ತಗಿಬೇಕು, ಚಿಗುರು ಒಡಿಯೋದು ಆ ಗಂಟಿನಿಂದ. ಕಾಯಿ ತಿಂದ ಆಡು ಕುರಿ ಹಿಕ್ಕಿಯಾಗ ಬೀಜ ಬೀಳತೈತಿ, ಮಳಿ ಆದ ಮ್ಯಾಲ ಹಿಕ್ಕಿ ಗುಂಪಿನ ಮ್ಯಾಲ ಎರಡೆಲಿ ಸಸಿ ಎದ್ದಿರೋದು ನೀವೂ ನೋಡಿರ್ತೀರಿ. ಆವಾಗ ಬೆರಳಾಗ ಹಿಡದು ಎಳದ್ರ ಬರತೈತಿ, ವರ್ಷ ಬಿಟ್ರ ಸಲಿಕಿ ಬೇಕು. ಹಂಗಾಗಿ ತಗದ ಜಾಗಕ್ಕ ಮೂರು ನಾಕು ಮಳೆಗಾಲ ತಪ್ಪದ ಹೋಗಬೇಕಾಗತೈತಿ, ಯಾವ ವಾರ ಯಾರ ಪಾಳಿ ಅಂತ ಸಂಘದ ಪುಸ್ತಕದಾಗ ಈಗ ಬರದಿಡ್ರಿ. ತಗದ ಕಡೆ ನೆಲ ಬರಿ ಬಿಡಬ್ಯಾಡ್ರಿ. ಅಂಗಳದ ಅಂಚಿಗೆ ಕರಿಜಾಲಿ, ಹೊಂಗೆ, ಬಾರಿ ಹಚ್ರಿ, ಒಲಿಗೆ ಕಟಗಿನೂ ಆಗತೈತಿ. ಬೇಸಿಗ್ಯಾಗ ಅಗಿಯಾಕ ಹೋಗಿ ಕೈ ಬೊಬ್ಬಿ ಮಾಡ್ಕೋಬ್ಯಾಡ್ರಿ, ಒಂದೆರಡು ಹದ ಮಳಿ ಆಗ್ಲಿ, ಎರಿ ಮಣ್ಣು ಸಡಲ ಆದಾಗ ಗಂಟು ಸಲೀಸಾಗಿ ಮ್ಯಾಲ ಬರತೈತಿ.