ಗ್ಲಾಸ್ ಏರೋದಿಲ್ಲ, ಲಾಕ್ ಬೀಳೋದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಜಾತಿಯವು. ಹತ್ತು ಹದಿನೈದು ವರ್ಷದ ಕಾರು, ಸ್ವಿಚ್ಚಿಗೆ ಏರಿಳಿಯುವ ಪವರ್ ವಿಂಡೋ ಇಲ್ಲವೇ ಎಲ್ಲ ಬಾಗಿಲಿಗೂ ಒಟ್ಟಿಗೆ ಬೀಳುವ ಸೆಂಟ್ರಲ್ ಲಾಕ್ ಕೈಕೊಟ್ಟಿದೆ. ಮಳೆ ಹಿಡಿಯಿತು ಅಂದರೆ ನನ್ನ ಶೆಡ್ಡಿನಲ್ಲೂ ಇದೇ ಕಥೆ. 1989ರಲ್ಲಿ ಶಿವಮೊಗ್ಗದಲ್ಲಿ ನಾನು ವೈರಿಂಗ್ ಕೆಲಸಕ್ಕೆ ಸೇರಿದಾಗ ಬರುತ್ತಿದ್ದದ್ದು ಅಂಬಾಸಿಡರ್, ಪದ್ಮಿನಿ, ಮಾರುತಿ 800. ಅವುಗಳ ಗ್ಲಾಸ್ ಕೈಯಲ್ಲಿ ತಿರುಗಿಸುವಂಥದ್ದು, ಗ್ಲಾಸಿಗೂ ನನಗೂ ಸಂಬಂಧವೇ ಇರಲಿಲ್ಲ. ಈಗ ದಿನಕ್ಕೆ ಒಂದಾದರೂ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಮೈಯ ಹೊದಿಕೆ, ಬಿಚ್ಚದೆ ಊಟಕ್ಕೆ ಏಳುವುದಿಲ್ಲ.

ಪ್ರಶ್ನೆ: ನನ್ನದು 2011ರ ಕಾರು. ಡ್ರೈವರ್ ಕಡೆಯ ಗ್ಲಾಸ್ ಒಮ್ಮೆ ಇಳಿಯುತ್ತದೆ, ಒಮ್ಮೆ ಇಳಿಯುವುದಿಲ್ಲ. ಬಾಗಿಲನ್ನು ಜೋರಾಗಿ ಹಾಕಿದರೆ ಸರಿಹೋಗುತ್ತದೆ. ಕೆಲವು ಸಲ ಉಳಿದ ಮೂರು ಗ್ಲಾಸ್‌ಗಳೂ ನಿಲ್ಲುತ್ತವೆ. ಮೋಟಾರ್ ಹೋಗಿದೆ, ಹೊಸದು ಹಾಕಿಸಿ ಅಂತಾರೆ. ಹಾಕಿಸಲಾ ಸರ್? (ತೀರ್ಥಹಳ್ಳಿಯ ಓದುಗರು)

ಬೇಡ. ಒಂದು ಮೋಟಾರ್ ಕೆಟ್ಟರೆ ಒಂದು ಗ್ಲಾಸ್ ನಿಲ್ಲುತ್ತದೆ. ನಾಲ್ಕೂ ಒಟ್ಟಿಗೆ ನಿಂತವು, ಬಾಗಿಲು ಬಡಿದರೆ ಬದುಕಿದವು ಅಂದರೆ ಎಲ್ಲೋ ವೈರ್ ಒಳಗೊಳಗೇ ತುಂಡಾಗಿದೆ ಅಂತಲೇ ಅರ್ಥ. ಎಲ್ಲಿ ಅನ್ನುವುದನ್ನೂ ಇಲ್ಲಿಂದಲೇ ಹೇಳುತ್ತೇನೆ.

ಡ್ರೈವರ್ ಬಾಗಿಲನ್ನು ಪೂರ್ತಿ ತೆಗೆಯಿರಿ. ಕೀಲಿನ ಹತ್ತಿರ, ಕಾರಿನ ಮೈಯಿಂದ ಬಾಗಿಲಿಗೆ ಹೋಗುವ ಒಂದು ಮಡಿಕೆ ಮಡಿಕೆಯ ಕಪ್ಪು ರಬ್ಬರ್ ಕೊಳವೆ ಕಾಣುತ್ತದೆ. ಗ್ಲಾಸ್, ಲಾಕ್, ಸ್ಪೀಕರ್ ಎಲ್ಲದರ ವೈರೂ ಅದರೊಳಗೇ ಹೋಗುವುದು. ನಾಲ್ಕೂ ಗ್ಲಾಸಿನ ಮುಖ್ಯ ಸ್ವಿಚ್ ಈ ಬಾಗಿಲಲ್ಲೇ ಇರುವುದರಿಂದ, ಇಲ್ಲಿ ವೈರ್ ಮುರಿದರೆ ಉಳಿದವೂ ನಿಲ್ಲಬಹುದು. ಡ್ರೈವರ್ ಬಾಗಿಲನ್ನು ದಿನಕ್ಕೆ ಹತ್ತು ಸಲ ತೆಗೆದು ಹಾಕಿದರೂ ಹದಿಮೂರು ಹದಿನಾಲ್ಕು ವರ್ಷಕ್ಕೆ ಐವತ್ತು ಸಾವಿರ ಸಲ ಆಯಿತು. ಅಷ್ಟು ಸಲ ಬಗ್ಗಿದ ತಾಮ್ರ ಮುರಿಯದೆ ಏನು ಮಾಡುತ್ತದೆ? ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹಾಗೇ ಇರುತ್ತದೆ, ಒಳಗೆ ತಂತಿ ತುಂಡು. ಬಾಗಿಲು ಬಡಿದಾಗ ಎರಡು ತುದಿ ಒಂದಕ್ಕೊಂದು ತಾಗುತ್ತವೆ, ಗ್ಲಾಸ್ ಓಡುತ್ತದೆ.

ಪರೀಕ್ಷೆ ಸುಲಭ. ಇಗ್ನಿಷನ್ ಆನ್ ಮಾಡಿ, ಒಬ್ಬರು ಸ್ವಿಚ್ ಒತ್ತಿ ಹಿಡಿಯಲಿ. ನೀವು ಆ ರಬ್ಬರನ್ನು ಹಿಡಿದು ಅತ್ತ ಇತ್ತ ಬಗ್ಗಿಸಿ. ಗ್ಲಾಸ್ ಜಗ್ಗಿ ಜಗ್ಗಿ ಓಡಿದರೆ ಕಳ್ಳ ಸಿಕ್ಕ. ಆಮೇಲೆ ಬ್ಯಾಟರಿಯ ಮೈನಸ್ ತೆಗೆದು, ರಬ್ಬರನ್ನು ಸರಿಸಿ, ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಬೇಕು. ಮುರಿದ ವೈರ್ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತದೆ.

ರಿಪೇರಿಯಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಮೆಕ್ಯಾನಿಕ್ಕಿಗೆ ಒತ್ತಿ ಹೇಳಿ. ಮುರಿದ ಜಾಗದಲ್ಲೇ ತಿರುಚಿ ಟೇಪ್ ಸುತ್ತಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ಅಲ್ಲೇ ಬೆಸುಗೆ ಹಾಕಿದರೂ ಪ್ರಯೋಜನವಿಲ್ಲ. ಬೆಸುಗೆ ಬಿದ್ದ ತಂತಿ ಕಡ್ಡಿಯಂತೆ ಸೆಟೆದು, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಬಗ್ಗುವ ಭಾಗದ ವೈರನ್ನೇ ಕತ್ತರಿಸಿ ತೆಗೆಯಬೇಕು. ಅದೇ ದಪ್ಪದ, ಸಣ್ಣ ಸಣ್ಣ ಎಳೆಗಳಿರುವ ಮೆದು ವೈರನ್ನು ಸ್ವಲ್ಪ ಉದ್ದ ಬಿಟ್ಟು ಹಾಕಬೇಕು. ಎರಡೂ ಜಾಯಿಂಟ್ ರಬ್ಬರಿನ ಆಚೆ ಈಚೆ ಇರಬೇಕು, ಒಳಗಲ್ಲ. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ. ನಾಲ್ಕು ವೈರ್ ಇದ್ದರೆ ಜಾಯಿಂಟ್‌ಗಳು ಒಂದೇ ಸಾಲಿನಲ್ಲಿ ಬರದಂತೆ ಹಿಂದೆ ಮುಂದೆ ಮಾಡಿ. ಇಲ್ಲದಿದ್ದರೆ ಅಲ್ಲಿ ಗಂಟು ದಪ್ಪವಾಗಿ ರಬ್ಬರ್ ಕೂರುವುದಿಲ್ಲ.

ರಬ್ಬರಿನಲ್ಲಿ ಏನೂ ಸಿಗಲಿಲ್ಲ ಅನ್ನಿ. ಆಗ ಡೋರ್ ಪ್ಯಾಡ್ ಬಿಚ್ಚಿ ಮೋಟಾರಿನ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಾಸ್ಟಿಕ್ ಪ್ಲಗ್) ತೆಗೆಸಿ. ಹಳೆಯ ಸಾದಾ ಮೋಟಾರಿಗೆ ಎರಡೇ ವೈರ್. ಆ ಎರಡರ ನಡುವೆ ಟೆಸ್ಟ್ ಲ್ಯಾಂಪ್, ಅಂದರೆ ಎರಡು ವೈರ್ ಕಟ್ಟಿದ 12 ವೋಲ್ಟಿನ ಬಲ್ಬ್, ಹಿಡಿದು ಸ್ವಿಚ್ಚನ್ನು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಒತ್ತಿ. ಎರಡು ಸಲವೂ ಚೆನ್ನಾಗಿ ಉರಿದರೆ ಕರೆಂಟ್ ಬರುತ್ತಿದೆ, ಆಗ ಮೋಟಾರಿನ ಮೇಲೆ ಅನುಮಾನ ಪಡಿ. ಒಂದು ಕಡೆಗೆ ಮಾತ್ರ ಉರಿದರೆ ಸ್ವಿಚ್ ನೋಡಿ. ಒಳಗಿನ ತಾಮ್ರದ ತುದಿಗಳು ಮಸಿ ಹಿಡಿದಿರುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿದರೆ ಎಷ್ಟೋ ಸ್ವಿಚ್ ಮತ್ತೆ ಬದುಕುತ್ತವೆ. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ತುಕ್ಕು, ಇಲ್ಲವೇ ಕಾರಿನ ಮೈಗೆ ಕಟ್ಟಿದ ಅರ್ತ್ ವೈರ್ ಸಡಿಲ. ಟೆಸ್ಟ್ ಲ್ಯಾಂಪನ್ನೇ ಏಕೆ ಹೇಳುತ್ತೇನೆ ಅಂದರೆ, ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬ್ ಉರಿಯಲು ಕರೆಂಟ್ ಎಳೆಯುತ್ತದೆ, ಅದರ ಹತ್ತಿರ ಆ ಆಟ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ.

ಇಷ್ಟು ಖಡಕ್ಕಾಗಿ ಹೇಳಲು ಕಾರಣ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. 2006ರಲ್ಲಿ ಒಬ್ಬ ಡಾಕ್ಟರ ಕಾರು ಬಂತು. ಸಂಜೆ ಹೊತ್ತು, ಅವರಿಗೂ ಅವಸರ, ನನಗೂ ಅವಸರ. ಮೋಟಾರ್ ಬದಲಿಸಿ ಕಳಿಸಿದೆ. ಮೂರನೇ ದಿನ ಅವರು ಗ್ಲಾಸ್ ಇಳಿಸಿಕೊಂಡೇ, ಮಳೆಯಲ್ಲಿ ನೆನೆದುಕೊಂಡೇ ವಾಪಸ್ ಬಂದರು. ನೋಡಿದರೆ ಕೊಳವೆಯೊಳಗೆ ಒಂದು ಕಂದು ವೈರ್ ತುಂಡು. ಮೋಟಾರಿನ ದುಡ್ಡು ನನ್ನ ಜೇಬಿನಿಂದ ಹೋಯಿತು. ಆ ಹಳೆ ಮೋಟಾರ್ ಇವತ್ತೂ ನನ್ನ ಮೇಜಿನ ಮೇಲಿದೆ. ಹುಡುಗರಿಗೆ ಪಾಠ ಹೇಳೋಕೆ. ಈಗಲೂ ತಿರುಗುತ್ತದೆ!

ಪ್ರಶ್ನೆ: ಹಿಂದಿನ ಎಡ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿಲ್ಲ. ಹೊರಗಿನಿಂದ ಸಲೀಸಾಗಿ ಬರುತ್ತದೆ. ಮೊಮ್ಮಕ್ಕಳು ಬಂದು ಹೋದ ಮೇಲೆ ಹೀಗಾಗಿದೆ. ಗ್ಯಾರೇಜಿನಲ್ಲಿ ಲಾಕ್ ಪೂರ್ತಿ ಬದಲಿಸಬೇಕು ಅಂದರು. (ನಿವೃತ್ತ ಮೇಷ್ಟ್ರು, ಮೈಸೂರು)

ಮೇಷ್ಟ್ರೇ, ಮೊದಲು ಬಾಗಿಲ ಅಂಚು ನೋಡಿ. ಲಾಕಿನ ಹತ್ತಿರ ಒಂದು ಪುಟ್ಟ ಗುಬುಟು ಇಲ್ಲವೇ ಕೀ ತೂರಿಸಿ ತಿರುಗಿಸುವ ಸೀಳು ಇರುತ್ತದೆ. ಅದು ಚೈಲ್ಡ್ ಲಾಕ್. ಮೊಮ್ಮಕ್ಕಳ ಬೆರಳು ಅಲ್ಲಿಗೆ ಹೋಗಿದೆ. ಸರಿಸಿದರೆ ಆಯಿತು. ಹಾಗೇ, ಹಿಂದಿನ ಗ್ಲಾಸ್‌ಗಳು ಹಿಂದಿನ ಸ್ವಿಚ್ಚಿಗೆ ಕೇಳದೆ ಡ್ರೈವರ್ ಸ್ವಿಚ್ಚಿಗೆ ಮಾತ್ರ ಕೇಳಿದರೆ, ಡ್ರೈವರ್ ಬಾಗಿಲಲ್ಲಿ ಕಿಟಕಿಗೆ ಗೆರೆ ಎಳೆದ ಚಿತ್ರದ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿ ನೋಡಿ.

ಪ್ರಶ್ನೆ: ಬೇಸಿಗೆಯಲ್ಲಿ ಮುಂದಿನ ಗ್ಲಾಸ್ ಮೇಲೇರುವಾಗ ಅರ್ಧಕ್ಕೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಏರುತ್ತದೆ. ಕೊಬ್ಬರಿ ಎಣ್ಣೆ ಸವರಿದೆ, ಎರಡು ವಾರ ಚೆನ್ನಾಗಿತ್ತು. ಈಗ ಮೊದಲಿಗಿಂತ ಕೆಟ್ಟಿದೆ. (ಕಲಬುರಗಿ)

ಎಣ್ಣೆಯೇ ಕೆಡಿಸಿದ್ದು. ನಿಮ್ಮೂರಿನ ಧೂಳು ಎಣ್ಣೆಗೆ ಅಂಟಿ ಈಗ ಬೀಡಿಂಗ್, ಅಂದರೆ ಗ್ಲಾಸ್ ಜಾರುವ ರಬ್ಬರ್ ಅಂಚು, ಅದರೊಳಗೆ ಅರೆದ ಚಟ್ನಿ ಆಗಿರುತ್ತದೆ. ಎಣ್ಣೆ ಕುಡಿದ ರಬ್ಬರ್ ಉಬ್ಬಿ ಗ್ಲಾಸನ್ನು ಇನ್ನೂ ಬಿಗಿ ಹಿಡಿಯುತ್ತದೆ.

ಅರ್ಧಕ್ಕೆ ನಿಲ್ಲುವುದು ಮೋಟಾರಿನ ಸೋಲಲ್ಲ, ಜಾಣತನ. ಜಾಸ್ತಿ ಬಿಸಿಯಾದರೆ ಕರೆಂಟ್ ತಡೆಯುವ ಪುಟ್ಟ ವ್ಯವಸ್ಥೆ ಹೆಚ್ಚಿನ ಮೋಟಾರ್‌ಗಳ ಒಳಗೇ ಇರುತ್ತದೆ. ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಅದಕ್ಕೇ ನಿಮ್ಮ ಹತ್ತು ನಿಮಿಷ. ಬಿಸಿಯಾಗಲು ಕಾರಣ ಬಿಗಿತ. ಗ್ಲಾಸ್ ಪೂರ್ತಿ ಇಳಿಸಿ, ಹಳೆ ಪ್ಲಾಸ್ಟಿಕ್ ಸ್ಕೇಲಿಗೆ ತೆಳು ಬಟ್ಟೆ ಸುತ್ತಿ, ಸೋಪು ನೀರಿನಲ್ಲಿ ಅದ್ದಿ ಬೀಡಿಂಗ್ ಕಾಲುವೆಯನ್ನು ಮೇಲಿಂದ ಕೆಳಕ್ಕೆ ಒರೆಸಿ. ಬಟ್ಟೆ ಬೆಳ್ಳಗೆ ಬರುವ ತನಕ ಬಿಡಬೇಡಿ. ಚೆನ್ನಾಗಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ಗ್ಲಾಸನ್ನು ನಾಲ್ಕೈದು ಸಲ ಓಡಿಸಿ. ಗ್ರೀಸ್ ಬೇಡ. ರಬ್ಬರ್ ಕಲ್ಲಾಗಿದ್ದರೆ ಬೀಡಿಂಗ್ ಬದಲಿಸಿ, ಮೋಟಾರಿಗಿಂತ ಅಗ್ಗ.

ಇಂಜಿನ್ ಚಾಲೂ ಇದ್ದಾಗಲೂ ಹೀಗೇನಾ ಅಂತ ನೋಡಿದ್ದೀರಾ? ಆಗ 14 ವೋಲ್ಟಿನ ಆಸುಪಾಸು ಸಿಗುತ್ತದೆ. ಇಂಜಿನ್ ಆಫ್ ಇದ್ದಾಗ ಮಾತ್ರ ನಾಲ್ಕೂ ಗ್ಲಾಸ್ ಸೋಮಾರಿ ಆದರೆ ಬ್ಯಾಟರಿ ಮುದಿಯಾಗಿದೆ.

ಪ್ರಶ್ನೆ: ರಾತ್ರಿ ಮಳೆ ಬಂದಾಗ ನಮ್ಮ ಕಾರಿನ ಲಾಕ್ ತಾನಾಗಿಯೇ ಟಕ್ ಟಕ್ ಅಂತ ಬೀಳುತ್ತದೆ, ಏಳುತ್ತದೆ. ಅತ್ತೆ ಭೂತ ಅಂತಾರೆ. ಬೆಳಿಗ್ಗೆ ಬ್ಯಾಟರಿ ಖಾಲಿ. ಸೆಂಟ್ರಲ್ ಲಾಕ್ ಕಂಪನಿಯದಲ್ಲ, ಆಮೇಲೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದು. (ಉಡುಪಿಯ ಓದುಗ ಮಹಿಳೆ)

ಭೂತಕ್ಕೆ ಕೋಲ ಕೊಡುವ ಊರಿನವರು ನೀವು, ಅತ್ತೆಯವರ ಮಾತಿಗೆ ನಾನು ಎದುರಾಡುವುದಿಲ್ಲ ತಾಯಿ. ಆದರೂ ಮೊದಲು ರಿಮೋಟ್ ನೋಡಿ. ಗುಂಡಿ ಒಳಗೆ ಸಿಕ್ಕಿಕೊಂಡಿದ್ದರೆ ಅದೇ ಸಾಕು. ಒಂದು ರಾತ್ರಿ ಅದರ ಸೆಲ್ ತೆಗೆದಿಡಿ.

ಆಮೇಲೂ ಟಕ್ ಟಕ್ ಅಂದರೆ ಡ್ರೈವರ್ ಬಾಗಿಲು. ಹೊರಗೆ ಹಾಕಿಸುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಲಾಕ್ ಮೋಟಾರಿಗೆ ಐದು ವೈರ್, ಉಳಿದ ಬಾಗಿಲುಗಳಿಗೆ ಎರಡೆರಡು. ಎರಡು ವೈರ್ ಎಲ್ಲಕ್ಕೂ ಇದ್ದದ್ದೇ, ಲಾಕನ್ನು ಎಳೆಯಲು ತಳ್ಳಲು. ಡ್ರೈವರ್ ಬಾಗಿಲಿಗೆ ಜಾಸ್ತಿ ಇರುವ ಮೂರು, ‘ಯಜಮಾನ ಲಾಕ್ ಮಾಡಿದ, ತೆಗೆದ’ ಅಂತ ಕಂಟ್ರೋಲ್ ಪೆಟ್ಟಿಗೆಗೆ ಸುದ್ದಿ ಮುಟ್ಟಿಸಲು. ಆ ಸುದ್ದಿ ಕೊಡುವ ಸ್ವಿಚ್ಚಿಗೆ ನೀರು ಹೋದರೆ ಅದು ಸುಳ್ಳು ಸುದ್ದಿ ಕೊಡುತ್ತದೆ. ಪೆಟ್ಟಿಗೆ ಅದನ್ನೇ ನಂಬಿ ನಾಲ್ಕೂ ಬಾಗಿಲನ್ನು ಕುಣಿಸುತ್ತದೆ. ಆ ಐದು ವೈರಿನ ಕಪ್ಲರ್ ಬಿಚ್ಚಿಟ್ಟು ಒಂದು ಮಳೆ ನೋಡಿ. ಕುಣಿತ ನಿಂತರೆ ಅದೊಂದನ್ನೇ ಬದಲಿಸಿದರೆ ಸಾಕು. ನಿಲ್ಲದಿದ್ದರೆ ಮೇಲೆ ತೀರ್ಥಹಳ್ಳಿಯವರಿಗೆ ಹೇಳಿದ ರಬ್ಬರ್ ಕೊಳವೆಯನ್ನೂ, ಆಮೇಲೆ ಪೆಟ್ಟಿಗೆಯನ್ನೂ ನೋಡಿಸಿ.

ನೀರು ಹೇಗೆ ಹೋಯಿತು ಅನ್ನುವುದು ಇನ್ನೂ ಮುಖ್ಯ. ಬಾಗಿಲೊಳಗೆ ಮಳೆನೀರು ಇಳಿಯುವುದು ಸಹಜ. ಅಡಿ ಅಂಚಿನ ತೂತುಗಳಿಂದ ಅದು ಹೊರಗೆ ಹೋಗಬೇಕು. ಆ ತೂತಿಗೆ ಕೆಸರು, ಎಲೆ ತುಂಬಿದರೆ ಬಾಗಿಲು ಕೊಡಪಾನ. ಹಳೆ ಹೇರ್‌ಪಿನ್ ಹಾಕಿ ಕೆದಕಿ. ಇನ್ನೊಂದು, ಡೋರ್ ಪ್ಯಾಡಿನ ಹಿಂದೆ ಕಂಪನಿಯವರು ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕಿಟ್ ಕೂರಿಸುವವರು ಬಹಳ ಸಲ ಅದನ್ನು ಹರಿದು ಬಿಸಾಡುತ್ತಾರೆ. ಅದು ಕಸ ಅಲ್ಲ, ನೀರಿಗೆ ತಡೆ. ನಿಮ್ಮದರಲ್ಲಿ ಅದು ಇಲ್ಲ ಅಂತ ನನ್ನ ಅಂದಾಜು. ದಪ್ಪ ಪ್ಲಾಸ್ಟಿಕ್ ಶೀಟ್ ಕತ್ತರಿಸಿ, ಅಂಚಿಗೆ ಬ್ಯೂಟೈಲ್ ಟೇಪ್ (ಮೆದು ರಬ್ಬರಿನಂಥ ಅಂಟು ಪಟ್ಟಿ) ಹಾಕಿ ಅಂಟಿಸಲು ಹೇಳಿ. ಇದೆಲ್ಲ ಮುಗಿಯುವ ತನಕ ಕೀ ಒಳಗಿಟ್ಟು ಇಳಿಯಬೇಡಿ. ಮಗುವನ್ನಂತೂ ಒಂದು ನಿಮಿಷವೂ ಒಳಗೆ ಬಿಡಬೇಡಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಹೊಂಟಾಗ ಗ್ಲಾಸ್ ‘ಧಡ್’ ಅಂತ ಬಾಗಿಲೊಳಗ ಬಿತ್ರೀ. ಸ್ವಿಚ್ ಒತ್ತಿದ್ರ ಗರ್ ಅಂತ ಸಪ್ಪಳ ಬರ್ತೈತಿ, ಗ್ಲಾಸ್ ಮೇಲೆ ಬರಂಗಿಲ್ಲ.

ಗರ್ ಅಂದರೆ ಮೋಟಾರ್ ಜೀವಂತ. ಗ್ಲಾಸ್ ಎತ್ತುವ ‘ಮಷೀನ್’ ಹೋಗಿದೆ. ಉಕ್ಕಿನ ಕೇಬಲ್ ಎಳೆ ಬಿಟ್ಟು ತುಂಡಾಗಿರುತ್ತದೆ, ಇಲ್ಲವೇ ಗ್ಲಾಸನ್ನು ಹಿಡಿದ ಪ್ಲಾಸ್ಟಿಕ್ ಕ್ಲಿಪ್ ಮುರಿದಿರುತ್ತದೆ. ಮತ್ತೆ ಮತ್ತೆ ಸ್ವಿಚ್ ಒತ್ತಬೇಡಿ, ಬಿಚ್ಚಿದ ಕೇಬಲ್ ಡ್ರಮ್ಮಿಗೆ ಸುತ್ತಿಕೊಂಡು ಇನ್ನೂ ಗಂಟಾಗುತ್ತದೆ. ದಾರಿಯಲ್ಲಿ ಆದರೆ, ಡೋರ್ ಪ್ಯಾಡ್ ಬಿಚ್ಚಿ ಗ್ಲಾಸನ್ನು ಕೈಯಲ್ಲಿ ಮೇಲೆತ್ತಿ, ಕೆಳಗೆ ಮರದ ತುಂಡು ಕೊಟ್ಟು, ಮೇಲೆ ಚೌಕಟ್ಟಿಗೆ ಅಗಲ ಟೇಪ್ ಹಾಕಿ ಊರು ಸೇರಿ. ಕ್ಲಿಪ್ ಮಾತ್ರ ಹೋಗಿದ್ದರೆ ಕ್ಲಿಪ್ ಸಿಗುತ್ತದಾ ವಿಚಾರಿಸಿ. ಕೇಬಲ್ ಹೋಗಿದ್ದರೆ ಮಷೀನ್ ಇಡಿಯಾಗಿ ಬದಲಿಸಿ. ಸೈಕಲ್ ಬ್ರೇಕ್ ವೈರ್ ಹಾಕಿ ಕೊಡುತ್ತೇವೆ ಅನ್ನುವವರಿದ್ದಾರೆ. ನಾನೂ ಹಾಕಿ ನೋಡಿದ್ದೇನೆ. ನಿಲ್ಲುವುದಿಲ್ಲ. ಹಳೆ ಮಾಡೆಲ್ಲಿಗೆ ಹೊಸದು ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ. ಎಡ ಬಲ ಬೇರೆ ಬೇರೆ, ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

ಪ್ರಶ್ನೆ: ಅಂಡರ್‌ಪಾಸ್ ನೀರಿನಲ್ಲಿ ಸಿಕ್ಕಿಕೊಂಡರೆ ಪವರ್ ವಿಂಡೋ ಕೆಲಸ ಮಾಡುತ್ತದಾ? (ಬೆಂಗಳೂರು)

ಸ್ವಲ್ಪ ಹೊತ್ತು ಮಾಡಬಹುದು. ಆ ‘ಸ್ವಲ್ಪ’ ಎಷ್ಟು ಅಂತ ಯಾರೂ ಹೇಳಲಾರರು. 2023ರ ಮೇ ತಿಂಗಳಲ್ಲಿ ನಿಮ್ಮೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಹೆಣ್ಣುಮಗಳು ತೀರಿಕೊಂಡದ್ದು ನೆನಪಿದೆ ಅಲ್ವಾ? ನೀರು ನಿಂತಿದ್ದರೆ ಇಳಿಯಲೇಬೇಡಿ. ಸಿಕ್ಕಿಕೊಂಡರೆ ಮೊದಲ ಕೆಲಸ ಗ್ಲಾಸ್ ಇಳಿಸುವುದು, ಫೋನ್ ಮಾಡುವುದಲ್ಲ. ಕರೆಂಟ್ ಹೋದರೂ ಹೆಚ್ಚಿನ ಹಳೆ ಕಾರುಗಳಲ್ಲಿ ಲಾಕಿನ ಗುಬುಟನ್ನು ಕೈಯಿಂದಲೇ ತೆಗೆಯಬಹುದು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದೇ ಕಷ್ಟ. ಅದಕ್ಕೇ ಚೂಪು ಮೂತಿಯ ಸಣ್ಣ ಸುತ್ತಿಗೆ ಕೈಗೆಟುಕುವಲ್ಲಿ ಇರಲಿ, ಡಿಕ್ಕಿಯಲ್ಲಲ್ಲ. ಪಕ್ಕದ ಗ್ಲಾಸಿನ ಮೂಲೆಗೆ ಹೊಡೆಯಿರಿ, ಪುಡಿಯಾಗುತ್ತದೆ. ಮುಂದಿನ ಗಾಜಿನೊಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಅದರ ಜೊತೆ ಗುದ್ದಾಡಬೇಡಿ.

ಪ್ರಶ್ನೆ: ವಿಂಡೋ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಹಳದಿ ತೆಗೆದು ಹಸಿರು ಹಾಕಿಕೊಟ್ಟರು, ಈಗ ಹೋಗುತ್ತಿಲ್ಲ. ಸರಿನಾ? (ಹಾಸನ)

ಇವತ್ತೇ ತೆಗೆಯಿರಿ! ಹಳದಿ 20 ಆಂಪ್, ಹಸಿರು 30. ಫ್ಯೂಸ್ ಹೋಗುತ್ತಿಲ್ಲ ಅಂದರೆ ಅದರ ಬದಲು ವೈರ್ ಬಿಸಿಯಾಗುತ್ತಿದೆ. ಸಿಪ್ಪೆ ಸುಲಿದ ವೈರ್ ಎಲ್ಲೋ ಬಾಗಿಲ ತಗಡಿಗೆ ತಾಗುತ್ತಿರಬೇಕು, ಇಲ್ಲವೇ ಗ್ಲಾಸ್ ಬಿಗಿಯಾಗಿದೆ. ಅದನ್ನು ಹುಡುಕಿಸಿ.

ಪ್ರಶ್ನೆ: ಈ ತಲೆನೋವೇ ಬೇಡ, ಹಳೆ ಕಾಲದ ತಿರುಗಿಸುವ ಹಿಡಿ ಹಾಕಿಸಬಹುದಾ? (ದಾವಣಗೆರೆ)

ನಗಬೇಡಿ ಓದುಗರೇ, ನನಗಂತೂ ಇಷ್ಟವಾದ ಪ್ರಶ್ನೆ. ನಿಮ್ಮ ಮಾಡೆಲ್ಲಿನ ಕಡಿಮೆ ಬೆಲೆಯ ಆವೃತ್ತಿಯಲ್ಲಿ ಹಿಡಿ ಇತ್ತಾ ನೋಡಿ. ಇದ್ದರೆ ಅದರ ಮಷೀನ್, ಹಿಡಿ, ತೂತಿರುವ ಡೋರ್ ಪ್ಯಾಡ್ ಗುಜರಿಯಲ್ಲಿ ಹುಡುಕಿ. ಹೆಚ್ಚಾಗಿ ಕೂರುತ್ತದೆ. ನಾನು ಮಾಡಿಕೊಟ್ಟದ್ದೆಲ್ಲ ಹಿಂದಿನ ಎರಡು ಬಾಗಿಲಿಗೆ ಮಾತ್ರ. ಹಿಡಿ ಎರಡು ಜಾಸ್ತಿ ತಂದಿಡಿ, ಪ್ಲಾಸ್ಟಿಕ್ಕಿನದು, ಮುರಿಯುತ್ತೆ.