ಮೀನಖಂಡ ದಪ್ಪ, ಕಾಲಿಗೆ ಬಲವಿಲ್ಲ

ಪ್ರಶ್ನೆ: 5 ವರ್ಷದ ಮಗ ನೆಲದಿಂದ ಏಳುವಾಗ ಮೊಣಕಾಲಿಗೆ, ತೊಡೆಗೆ ಕೈ ಊರುತ್ತಾನೆ. ಮೀನಖಂಡ ಮಾತ್ರ ದಪ್ಪ. ನನ್ನ ತಮ್ಮನಿಗೂ ಹೀಗೇ ಇತ್ತು. ಏನಿರಬಹುದು?
– ಓರ್ವ ತಾಯಿ, ಬದಿಯಡ್ಕ

ಉತ್ತರ: ತಡಮಾಡಬೇಡಿ ಅಮ್ಮಾ, ಡುಶೆನ್ ಸ್ನಾಯುಕ್ಷಯವೇ ಎಂದು ನೋಡಿಸಲೇಬೇಕು. ಸ್ನಾಯು ಬಿಗಿದು ಸಡಿಲಾಗುವಾಗ ಅದರ ಎಳೆಗಳ ಪೊರೆ ಹರಿಯದಂತೆ ಕಾಯುವುದು ಡಿಸ್ಟ್ರೋಫಿನ್ ಎಂಬ ಪ್ರೋಟೀನು. ಈ ಕಾಯಿಲೆಯಲ್ಲಿ ಅದಿಲ್ಲದೆ ಎಳೆಗಳು ಸತ್ತು ಆ ಜಾಗದಲ್ಲಿ ಕೊಬ್ಬು, ನಾರು ತುಂಬುತ್ತದೆ. ಮೀನಖಂಡ ದಪ್ಪ ಕಾಣುವುದು ಹೆಚ್ಚಾಗಿ ಇದರಿಂದಲೇ.

ಮೊದಲು ರಕ್ತದಲ್ಲಿ ಸಿಕೆ (ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವ) ಪರೀಕ್ಷೆ. ಈ ಕಾಯಿಲೆಯಲ್ಲಿ ಅದು ಹತ್ತಾರು ಪಟ್ಟು ಏರಿರುತ್ತದೆ. ಆಮೇಲೆ ಡಿಸ್ಟ್ರೋಫಿನ್ ತಯಾರಿಗೆ ಬೇಕಾದ ಡಿಎಂಡಿ ಜೀನ್ ಪರೀಕ್ಷೆ. ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಕಿಣ್ವಗಳು ಸ್ನಾಯು ಹಾಳಾದರೂ ಏರುತ್ತವೆ, ಅದನ್ನು ನೋಡಿ ಕಾಮಾಲೆ ಮದ್ದಿಗೆ ಓಡಬೇಡಿ. ಸ್ನಾಯು ಬಲ ಕುಗ್ಗುವುದನ್ನು ನಿಧಾನಿಸಲು ಕೊಡುವ ಸ್ಟೀರಾಯ್ಡ್ ಶುರುವಾದರೆ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು.

ದೋಷ ಎಕ್ಸ್ ವರ್ಣತಂತುವಿನದು, ತಾಯಿಯಿಂದ ಮಗನಿಗೆ ಬರಬಹುದು. ನೀವು ವಾಹಕಿಯಾಗಿದ್ದರೆ (ಆ ದೋಷವನ್ನು ಹೊತ್ತವರಾಗಿದ್ದರೆ) ಹೃದಯವೂ ದುರ್ಬಲವಾಗಬಹುದು, ನಿಮ್ಮ ಹೃದಯಕ್ಕೂ ಎಕೋ (ಸ್ಕ್ಯಾನ್) ಮಾಡಿಸಿಕೊಳ್ಳಿ.