ರೇಂಜರ್ ಟೀಮಿಗೆ ಸೇರಿದ ಹುಡುಗಿಯರು ಒಬ್ಬೊಬ್ಬರೇ ಬಿಟ್ಟು ಹೋಗ್ತಿದ್ದಾರೆ, ಏನು ಮಾಡಲಿ?

ಓದೋ ಬೇರೆಯವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನ ಚುಟುಕಾಗಿ ಹೇಳಿಬಿಡ್ತೀನಿ. ನೀವು ಸಿಂಧನೂರಿನಲ್ಲಿ ಅತಿಥಿ ಉಪನ್ಯಾಸಕಿ. ಮೊದಲು ಹೈಸ್ಕೂಲಿನಲ್ಲಿ ಗೈಡ್ ಕ್ಯಾಪ್ಟನ್ ಆಗಿದ್ರಿ, ಈ ವರ್ಷ ಪದವಿ ಕಾಲೇಜಿನ ರೇಂಜರ್ ಟೀಮ್, ಅಂದರೆ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಕಾಲೇಜು ವಯಸ್ಸಿನ ಹುಡುಗಿಯರ ತಂಡ, ವಹಿಸಿಕೊಟ್ಟಿದ್ದಾರೆ. ಶುರುವಿನಲ್ಲಿ 22 ಹುಡುಗಿಯರು ಹೆಸರು ಕೊಟ್ಟರು, ದಸರಾ ಹೊತ್ತಿಗೆ ಏಳು ಮಂದಿ ಉಳಿದರು. "ನನ್ನಲ್ಲೇ ಏನಾದರೂ ಕೊರತೆಯಾ, ಇಲ್ಲಾ ಸಮವಸ್ತ್ರದ ಖರ್ಚಿಗೆ ಹೆದರಿದರಾ" ಅಂತ ಕೇಳಿದ್ದೀರಿ.

ನಿಮ್ಮ ಕೆಲಸದಲ್ಲಿ ಕೊರತೆ ಇಲ್ಲ. ಹೈಸ್ಕೂಲಿನ ಗೈಡ್ ಕಂಪನಿ (ಗೈಡ್ ಹುಡುಗಿಯರ ತಂಡ) ನಡೆಸಿದ ಹಾಗೇ ರೇಂಜರ್ ಟೀಮನ್ನೂ ನಡೆಸ್ತಿದ್ದೀರಿ, ಎಡವಟ್ಟು ಇರೋದು ಅಲ್ಲಿ. ಹನ್ನೆರಡರ ಹುಡುಗಿಗೆ ನೀವು ಹೇಳಿಕೊಡಬೇಕು. ಹತ್ತೊಂಬತ್ತರ ಹುಡುಗಿಗೆ ನೀವು ಜಾಗ ಬಿಟ್ಟುಕೊಡಬೇಕು. ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್ ಎಂಟನೇ ಕ್ಲಾಸಿನಲ್ಲೇ ಕಲಿತು ಬಂದವಳನ್ನ ಮತ್ತೆ ಹಗ್ಗ ಕೊಟ್ಟು ಕೂರಿಸಿದರೆ ಎರಡನೇ ವಾರಕ್ಕೇ "ಮೇಡಂ, ನಮ್ಮೂರ ಬಸ್ ಹೋಗ್ತದ್ರಿ" ಅಂತ ಎದ್ದು ಹೋಗ್ತಾಳೆ. ಬಸ್ಸಿನದು ನೆಪ ಅಂತ ನಾವು ಅಂದುಕೊಳ್ತೀವಿ. ಅರ್ಧ ನೆಪ, ಅರ್ಧ ನಿಜ. ನಿಜ ಇರೋ ಆ ಅರ್ಧವನ್ನ ಮೊದಲು ಸರಿ ಮಾಡಿ.

ಬಿಟ್ಟು ಹೋದ ಹದಿನೈದು ಜನರ ಹೆಸರು ಒಂದು ಹಾಳೆಯಲ್ಲಿ ಬರೆದು, ಎದುರಿಗೆ ಊರು, ಕಡೇ ಬಸ್ಸಿನ ಹೊತ್ತು, ಮನೆಯಲ್ಲಿ ಫೋನ್ ಯಾರ ಕೈಯಲ್ಲಿ ಇರ್ತದೆ ಅನ್ನೋದನ್ನ ಬರೆಯಿರಿ. ಶಕ್ತಿ ಯೋಜನೆ ಬಂದ ಮೇಲೆ ಸಾದಾ ಬಸ್ಸಿನ ಟಿಕೆಟ್ ದುಡ್ಡಿನ ಚಿಂತೆ ಹೋಗಿದೆ. ಆದರೆ ಬಸ್ಸಿನ ಹೊತ್ತು ಬದಲಾಗಿಲ್ಲ. ಸಂಜೆ ನಾಲ್ಕೂವರೆಗೆ ಮೀಟಿಂಗ್ ಇಟ್ಟರೆ ಹಳ್ಳಿಯ ಹುಡುಗಿಯರನ್ನ ನೀವೇ ಹೊರಗೆ ಇಟ್ಟ ಹಾಗೆ. ಶನಿವಾರ ಬೆಳಿಗ್ಗೆ ಕ್ಲಾಸಿಗೆ ಮುಂಚೆ, ಇಲ್ಲಾ ಮಧ್ಯಾಹ್ನದ ಬಿಡುವಿಗೆ ಅಂಟಿಸಿ ಒಂದೂವರೆ ತಾಸು ಸಿಕ್ಕರೆ ಸಾಕು. ಮಾರ್ಚ್ ಬಂತೆಂದರೆ ಬೆಳಿಗ್ಗೆ ಏಳು ಗಂಟೆ ಬಿಟ್ಟರೆ ಬೇರೆ ಹೊತ್ತೇ ಇಲ್ಲ, ರಾಯಚೂರು ಸೀಮೆಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ವರ್ಷದ ಕ್ಯಾಲೆಂಡರಿನಲ್ಲಿ ಇಂಟರ್ನಲ್ಸ್, ಸೆಮಿಸ್ಟರ್ ಪರೀಕ್ಷೆಗಳ ಜೊತೆ ಹತ್ತಿ ಬಿಡಿಸೋದು, ಮೆಣಸಿನಕಾಯಿ ಬಿಡಿಸೋದು, ಭತ್ತದ ನಾಟಿ, ಈ ದಿನಗಳನ್ನೂ ಗುರುತು ಹಾಕಿ. ಆ ವಾರಗಳಲ್ಲಿ ಹುಡುಗಿ ಬರದಿದ್ದರೆ ಅದನ್ನ ಅಶಿಸ್ತು ಅಂತ ಬರೆದುಕೊಳ್ಳಬೇಡಿ. ಕೂಲಿ ಬಿಟ್ಟು ಮೀಟಿಂಗಿಗೆ ಬಾ ಅನ್ನೋ ಹಕ್ಕು ನಮಗಿಲ್ಲ.

ಇನ್ನು ಮೀಟಿಂಗ್ ನಡೆಸೋ ರೀತಿ. ಟೀಮಿನ ಹುಡುಗಿಯರೇ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿಯನ್ನ ಆರಿಸಲಿ, ಮೂರು ತಿಂಗಳಿಗೊಮ್ಮೆ ಬದಲಾಗಲಿ. ಕುರ್ಚಿಗಳನ್ನ ವರ್ತುಲವಾಗಿ ಹಾಕಿಸಿ, ನೀವು ಅಧ್ಯಕ್ಷೆಯ ಪಕ್ಕಕ್ಕೂ ಅಲ್ಲ, ಎದುರಿಗೂ ಅಲ್ಲ, ಎರಡು ಕುರ್ಚಿ ಆಚೆ ಕೂತುಕೊಳ್ಳಿ. ಎದುರಿಗೆ ಕೂತರೆ ಪ್ರತಿ ಮಾತಿಗೂ ನಿಮ್ಮ ಮುಖ ನೋಡ್ತಾರೆ. ಧ್ವಜ, ಪ್ರಾರ್ಥನೆಗೆ ಹತ್ತು ನಿಮಿಷ, ಹೋದ ವಾರ ಒಪ್ಪಿಕೊಂಡ ಕೆಲಸ ಏನಾಯ್ತು ಅಂತ ಹತ್ತು, ಮುಖ್ಯ ಚಟುವಟಿಕೆಗೆ ನಲವತ್ತು, ಮುಂದಿನ ಕೆಲಸ ಹಂಚಿಕೊಳ್ಳೋಕೆ ಇಪ್ಪತ್ತು, ಮುಗಿಸೋಕೆ ಹತ್ತು. ಮೊದಲ ಎರಡು ಮೀಟಿಂಗ್ ಗದ್ದಲ ಆಗ್ತದೆ, ಇಲ್ಲಾ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂಡ್ತಾರೆ. ಆ ಮೌನ ತಡಕೊಳ್ಳೋಕೆ ಆಗದೆ ನಾವು ಬಾಯಿ ಹಾಕ್ತೀವಿ ನೋಡಿ, ಕೆಲಸ ಕೆಡೋದು ಅಲ್ಲೇ. ಒಂದು ನಿಮಿಷ ಸುಮ್ಮನಿರಿ. ಯಾರಾದರೂ ಒಬ್ಬಳು ಮಾತು ಶುರು ಮಾಡೇ ಮಾಡ್ತಾಳೆ. ಸುರಕ್ಷತೆ, ರೊಕ್ಕ, ಯಾರನ್ನಾದರೂ ಹೀಯಾಳಿಸೋದು, ಈ ಮೂರರಲ್ಲಿ ಮಾತ್ರ ನೀವು ತಕ್ಷಣ ಮಧ್ಯೆ ಬರಬೇಕು.

ರೊಕ್ಕದ ವಿಷಯಕ್ಕೆ ಒಂದೇ ಮಾತು: ಚಂದಾ ಹತ್ತೋ ಇಪ್ಪತ್ತೋ ಇರಲಿ, ಲೆಕ್ಕದ ಪುಸ್ತಕ ಖಜಾಂಚಿಯ ಕೈಯಲ್ಲಿ, ಪ್ರತಿ ಖರ್ಚಿಗೂ ಚೀಟಿ, ಇಬ್ಬರ ಸಹಿ. ನಿಮ್ಮ ಫೋನ್‌ಪೇಗೆ ಹಾಕಿಸಿಕೊಳ್ಳಬೇಡಿ.

ಈಗ ಮನೆಯ ಬಾಗಿಲು. ಟೀಮ್ ಉಳಿಯೋದು, ಒಡೆಯೋದು ಇಲ್ಲೇ ಅಂತ ನನ್ನ ಗಟ್ಟಿ ನಂಬಿಕೆ. ತಾಯಿ ರೊಟ್ಟಿ ಬಡಿತಾ ತಲೆ ಎತ್ತದೆ ಕೇಳೋ ಪ್ರಶ್ನೆ ಒಂದೇ: "ಎಷ್ಟೊತ್ತಿಗೆ ಬರ್ತಾಳ್ರಿ?" ಇದಕ್ಕೆ "ಬೇಗ ಬರ್ತಾಳೆ ಅಮ್ಮಾ" ಅನ್ನೋದು ಉತ್ತರ ಅಲ್ಲ. "ಐದೂ ಹತ್ತರ ಬಸ್ಸಿಗೆ ನಾನೇ ಹತ್ತಿಸ್ತೀನಿ, ಕೂತ ಮೇಲೆ ನಿಮಗೆ ಫೋನ್ ಮಾಡ್ತೀನಿ" ಅನ್ನೋದು ಉತ್ತರ. ಹೇಳಿದ ಮೇಲೆ ಹಾಗೇ ನಡಕೊಳ್ಳಿ, ಒಂದು ಸಲ ತಪ್ಪಿದರೆ ಓಣಿ ತುಂಬಾ ಸುದ್ದಿ ಆಗ್ತದೆ.

ರಾತ್ರಿ ಉಳಿಯೋ ಕಾರ್ಯಕ್ರಮಕ್ಕೆ ಬರಹದ ಒಪ್ಪಿಗೆ ಬೇಕೇ ಬೇಕು. ಹದಿನೆಂಟು ದಾಟಿದವಳ ಸಹಿ ಕಾನೂನಿಗೆ ಸಾಕು, ಆದರೆ ಮನೆಗೆ ಗೊತ್ತಿರಲಿ. ಅಂದ ಹಾಗೆ ಒಪ್ಪಿಗೆ ಪತ್ರದಲ್ಲಿ 'ಕ್ಯಾಂಪ್' ಅಂತ ಬರೀಬೇಡಿ. ನಿಮ್ಮ ಕಡೆ ಕ್ಯಾಂಪ್ ಅಂದರೆ ಊರು, "ಯಾವ ಕ್ಯಾಂಪಿಗೆ, ಯಾರ ಮನೆಗೆ" ಅಂತ ಅಪ್ಪ ಎದ್ದು ನಿಲ್ತಾನೆ. 'ಒಂದು ರಾತ್ರಿಯ ಶಿಬಿರ' ಅಂತ ಬರೆದು, ಜಾಗ, ಹೊರಡೋ ಮತ್ತು ವಾಪಸು ಮುಟ್ಟೋ ಹೊತ್ತು, ಜೊತೆಗಿರೋ ಹೆಂಗಸರ ಹೆಸರು ಮತ್ತು ಇಬ್ಬರ ಫೋನ್ ನಂಬರ್, ಮಲಗೋದು ಎಲ್ಲಿ, ಶೌಚಾಲಯ ಎಲ್ಲಿ, ಇಷ್ಟನ್ನೂ ಸ್ಪಷ್ಟವಾಗಿ ನಮೂದಿಸಿ. ದೊಡ್ಡ ಹೆಣ್ಣುಮಕ್ಕಳು ಇಬ್ಬರು ಇಲ್ಲದೆ ಹೊರಡಬೇಡಿ. ಒಬ್ಬಳಿಗೆ ರಾತ್ರಿ ಜ್ವರ ಬಂದು ಆಸ್ಪತ್ರೆಗೆ ಓಡಬೇಕಾದರೆ ಉಳಿದವರ ಹತ್ತಿರ ಯಾರು?

ಮೊದಲ ಶಿಬಿರ ಕಾಲೇಜಿನಲ್ಲೇ ಮಾಡಿ. ಆನೆಗೊಂದಿ, ಅಂಜನಾದ್ರಿ ಎರಡನೇ ಸಲಕ್ಕೆ ಇರಲಿ. ಅಡುಗೆ ಅವರದೇ. 20 ಜನಕ್ಕೆ ಒಂದು ಊಟಕ್ಕೆ ಎರಡೂವರೆ ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ ಲೆಕ್ಕ ಹಿಡಿರಿ. ಬೆಳಿಗ್ಗೆ ಒಗ್ಗರಣೆ ಮಿರ್ಚಿ ಮಾಡ್ತೀವಿ ಅಂತ ಹಟ ಹಿಡಿತಾರೆ, ಮಾಡಲಿ. ಆದರೆ ಕಾದ ಎಣ್ಣೆಯ ಬಾಣಲಿ ಹತ್ತಿರ ಇಬ್ಬರೇ ಇರಲಿ, ವೇಲ್ ಬಿಚ್ಚಿಟ್ಟು ಬರಲಿ. ಶೌಚಾಲಯದ ಒಳಗೆ ಮುಚ್ಚಳ ಇರೋ ಬಕೆಟ್, ಹಳೇ ಪೇಪರ್ ತುಂಡು, ಹೆಚ್ಚುವರಿ ಪ್ಯಾಡ್ ಇಟ್ಟು, ಇಟ್ಟಿರೋದನ್ನ ಮೊದಲೇ ಎಲ್ಲರಿಗೂ ಹೇಳಿಬಿಡಿ. ಹುಡುಗಿಯರು ಶಿಬಿರ ತಪ್ಪಿಸೋಕೆ ಬಾಯಿಬಿಟ್ಟು ಹೇಳದ ಕಾರಣ ಬಹಳ ಸಲ ಇದೇ. ರಾತ್ರಿ ಹೊರಗೆ ಹೋಗೋದಾದರೆ ಇಬ್ಬಿಬ್ಬರು, ಕೈಯಲ್ಲಿ ಟಾರ್ಚ್.

ರೇಂಜರ್ ಧ್ಯೇಯವಾಕ್ಯ 'ಸೇವೆ'. ಗಿಡ ನೆಟ್ಟು ಫೋಟೋ ತೆಗೆದರೆ ಅದು ಸೇವೆ ಆಗಲ್ಲ. ನಿಮಗೆ ಹತ್ತಿರ ಇರೋದು ಹುಲಿಗಿ ಜಾತ್ರೆ, ಕೊಪ್ಪಳದ ಗವಿಮಠದ ಜಾತ್ರೆ. ಸ್ಥಳೀಯ ಆಡಳಿತದ ಒಪ್ಪಿಗೆ ತಗೊಂಡು ನೀರಿನ ಅರವಟ್ಟಿಗೆ ನಡೆಸಿದರೆ ಯೋಜನೆ, ಮಂದಿಯ ಜೊತೆ ಮಾತು, ಪ್ರಥಮ ಚಿಕಿತ್ಸೆ ಮೂರೂ ಕೈಗೆ ಹತ್ತುತ್ತವೆ. ಇಬ್ಬಿಬ್ಬರ ಜೋಡಿ, ಎರಡೆರಡು ತಾಸಿನ ಪಾಳಿ. ಓಆರ್‌ಎಸ್‌ನಲ್ಲಿ ಎಲ್ಲರೂ ಮಾಡೋ ತಪ್ಪು ಅಂದರೆ ಗ್ಲಾಸಿಗೆ ಚೂರು ಚೂರು ಪುಡಿ ಉದುರಿಸೋದು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಕಮ್ಮಿ ನೀರಿಗೆ ಹಾಕಿದರೆ ಉಪ್ಪಿನಂಶ ಹೆಚ್ಚಾಗಿ ಉಪಕಾರದ ಬದಲು ಅಪಾಯ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರು, ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಲಸಿದ್ದು 24 ತಾಸು ದಾಟಿದರೆ ಚೆಲ್ಲಿಬಿಡಿ. ಬಂದವರಿಗೆಲ್ಲ ಓಆರ್‌ಎಸ್ ಹಂಚೋದೂ ಬೇಡ, ಬಾಯಾರಿದವರಿಗೆ ಬರೀ ನೀರು ಸಾಕು. ಮೈ ಕೆಂಡದಂತೆ ಬಿಸಿಯಾಗಿ ತಡಬಡಿಸಿ ಮಾತಾಡೋರನ್ನ ಕಂಡರೆ ನೆರಳಿಗೆ ತಂದು, ಒದ್ದೆ ಬಟ್ಟೆ ಹಾಕಿ ಗಾಳಿ ಬೀಸ್ತಾ 108ಕ್ಕೆ ಫೋನ್ ಮಾಡಬೇಕು. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ಏನೂ ಹಾಕಬಾರದು.

ರೇಂಜರ್ ಒಂದೊಂದಾಗಿ ಏರೋ ಹಂತಗಳಾದ ಪ್ರವೀಣ, ನಿಪುಣ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಗಳ ಬಗ್ಗೆ ಹೆಚ್ಚು ಹೇಳಲ್ಲ. ಗೈಡ್ ವಿಭಾಗದ ಆಪ್ರೋ (ಸಂಸ್ಥೆಯ ನಿಯಮಗಳ) ಪುಸ್ತಕ ಜಿಲ್ಲಾ ಸಂಸ್ಥೆಯಲ್ಲಿ ಸಿಗ್ತದೆ, ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ತಿಂಗಳು ಇರಬೇಕು ಅನ್ನೋದನ್ನ ಅದರಲ್ಲೇ ನೋಡಿಕೊಳ್ಳಿ. ಈ ಪರೀಕ್ಷೆಗಳಲ್ಲಿ ಹುಡುಗಿಯರು ಬೀಳೋದು ಎಲ್ಲಿ ಅಂದರೆ ಲಾಗ್ ಬುಕ್ಕಿನಲ್ಲಿ, ಅಂದರೆ ಮಾಡಿದ ಕೆಲಸ ಬರೆದಿಡೋ ಪುಸ್ತಕದಲ್ಲಿ. ಪರೀಕ್ಷಾ ಶಿಬಿರದ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ವರ್ಷದ ಕತೆ ಬರೆದಿದ್ದು ಪರೀಕ್ಷಕರಿಗೆ ಎರಡನೇ ಪುಟಕ್ಕೇ ಗೊತ್ತಾಗ್ತದೆ. ಮೀಟಿಂಗಿನ ಕಡೇ ಹತ್ತು ನಿಮಿಷದಲ್ಲಿ ಅಲ್ಲೇ ಬರೆಸಿ, ತಾರೀಕು ಹಾಕಿಸಿ. ದೂರದ ಆಸೆಯೊಂದು ಬೇಕಾದರೆ ಪುಣೆಯ 'ಸಂಗಮ್' ಇದೆ. ವಿಶ್ವ ಗೈಡ್ ಸಂಘದ ಐದು ವಿಶ್ವ ಕೇಂದ್ರಗಳಲ್ಲಿ ಒಂದು, 1966ರಲ್ಲಿ ಶುರುವಾದದ್ದು. ರಾಯಚೂರಿನಿಂದ ಪುಣೆಗೆ ನೇರ ರೈಲೂ ಇದೆ.

ಕಷ್ಟದ ಮಾತೂ ಒಂದಿದೆ. ನಿಮ್ಮ ಟೀಮಿನಲ್ಲಿ ಹದಿನೇಳರವರೂ ಇದ್ದಾರೆ ಅಂದಿರಿ. "ಮೇಡಂ, ಯಾರಿಗೂ ಹೇಳಬ್ಯಾಡ್ರಿ" ಅಂತ ಒಬ್ಬಳು ಬಂದು ಕೂತರೆ, ಹೇಳಲ್ಲ ಅಂತ ಮಾತು ಕೊಡಬೇಡಿ. "ನಿನಗೆ ಅಪಾಯ ಇದ್ದರೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ನಿನಗೆ ತಿಳಿಸೇ ಹೇಳ್ತೀನಿ" ಅನ್ನಿ. ಹದಿನೆಂಟು ತುಂಬದವಳ ಮದುವೆ ಗೊತ್ತು ಮಾಡಿದ್ದರೆ ನೀವೊಬ್ಬರೇ ಮನೆಗೆ ಹೋಗಿ ವಾದ ಮಾಡಿದರೆ ಆಗೋದಿಷ್ಟೇ: ಮರುದಿನ ಅವಳನ್ನ ಬೇರೆ ಊರಿಗೆ ಸಾಗಿಸ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಸಿಡಿಪಿಓಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ತಿಳಿಸಿ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿಂದಲೇ ಅಸಿಂಧು. ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸೋದು ನಿಮ್ಮ ಇಷ್ಟಕ್ಕೆ ಬಿಟ್ಟ ಮಾತಲ್ಲ, ಕಡ್ಡಾಯ. ಹದಿನೆಂಟು ದಾಟಿದವಳ ವಿಷಯದಲ್ಲಿ ತೀರ್ಮಾನ ಅವಳದು. 181 ಮಹಿಳಾ ಸಹಾಯವಾಣಿ, ಕಷ್ಟದಲ್ಲಿರೋ ಹೆಂಗಸರಿಗೆ ನೆರವಾಗೋ ಸಖಿ ಕೇಂದ್ರದ ದಾರಿ ತೋರಿಸಿ, ಬೇಕೆಂದರೆ ಜೊತೆಗೆ ಹೋಗಿ. ಈ ನಂಬರುಗಳನ್ನ ಲಾಗ್ ಬುಕ್ಕಿನ ಹಿಂದಿನ ಪುಟದಲ್ಲಿ ಎಲ್ಲರ ಕೈಲೂ ಬರೆಸಿಟ್ಟರೆ ಕೇಳೋ ಮುಜುಗರ ಯಾರಿಗೂ ಇರಲ್ಲ.

ವಾಟ್ಸಾಪ್ ಗುಂಪಿನಲ್ಲಿ ಇನ್ನೊಬ್ಬ ಲೀಡರ್ ಇರಲೇಬೇಕು. ಎಷ್ಟೋ ಹುಡುಗಿಯರ ನಂಬರ್ ಅಂದರೆ ಅಣ್ಣನ ನಂಬರ್ ಅನ್ನೋದು ನೆನಪಿರಲಿ, ಸ್ವಂತ ವಿಷಯ ಅಲ್ಲಿ ಬೇಡ. ಒಪ್ಪಿಗೆ ಇಲ್ಲದೆ ಫೋಟೋ ಹಾಕಬೇಡಿ. ಜಾತ್ರೆಯ ಒಂದು ಫೋಟೋ ಸ್ಟೇಟಸ್ಸಿಗೆ ಹೋಗಿ, ಮರುವಾರದಿಂದ ಹುಡುಗಿ ಬರೋದೇ ನಿಂತದ್ದು ನಮ್ಮ ಕಡೆ ಹೊಸದಲ್ಲ.

ಕಡೆಗೆ ಸಮವಸ್ತ್ರ. ಖರ್ಚಿಗೆ ಹೆದರೋರು ಇದ್ದೇ ಇದ್ದಾರೆ, ಆದರೆ ನಾವೇ ಅವಸರ ಮಾಡಿ ಹೆದರಿಸಿರ್ತೀವಿ. ದೀಕ್ಷೆ (ಪ್ರತಿಜ್ಞೆ ಮಾಡಿಸಿ ಟೀಮಿಗೆ ಸೇರಿಸಿಕೊಳ್ಳೋದು) ಆಗೋವರೆಗೆ ಪೂರ್ತಿ ಸಮವಸ್ತ್ರ ಹೊಲಿಸು ಅನ್ನಬೇಡಿ, ಕಾಲೇಜಿನ ಉಡುಪಲ್ಲೇ ಬರಲಿ. ಬಟ್ಟೆಯನ್ನ ಇಡೀ ಟೀಮಿಗೆ ಒಂದೇ ತಾನಿನಲ್ಲಿ ತಗೊಂಡರೆ ಬಣ್ಣವೂ ಒಂದೇ ಬರ್ತದೆ, ಬೆಲೆಯೂ ಇಳೀತದೆ. ಕೋರ್ಸ್ ಮುಗಿಸಿ ಹೋಗೋರಿಂದ ಸ್ಕಾರ್ಫ್, ಬೆಲ್ಟ್ ವಾಪಸು ತಗೊಂಡು ಒಂದು ಟ್ರಂಕಿನಲ್ಲಿ ಇಡಿ. ಟ್ರಂಕಿನ ಕೀಲಿ ಕಾರ್ಯದರ್ಶಿಯ ಹತ್ತಿರ ಇರಲಿ, ನಿಮ್ಮ ಬ್ಯಾಗಿನಲ್ಲಿ ಬೇಡ.